ಐದರ ಗುಂಡಿಯ ಸುತ್ತ ಭಂಡಾರ

ಐದರ ಗುಂಡಿಯ ಸುತ್ತ ಒಂದು ಹಳದಿ ಗೆರೆ, ಉಗುರಿನಿಂದ ಕೆರೆದರೆ ಉಗುರಿಗೂ ಬಂತು, ಗುಂಡಿಯಲ್ಲೂ ಅಷ್ಟೇ ಉಳಿಯಿತು, ಭಂಡಾರದ, ದೇವರ ಅರಿಸಿನದ, ಗುಣವೇ ಅದು, ತೆಗೆದಷ್ಟೂ ತೀರುವುದಿಲ್ಲ, ಮೂರು ತಿಂಗಳ ಹಿಂದೆ ಮದುವೆಯಲ್ಲಿ ಎರಚಿದ್ದು ನನ್ನ ಕೈಗಡಿಯಾರದ ಪಟ್ಟಿಯ ಸಂದಿಯಲ್ಲಿ ಇನ್ನೂ ಸಂಸಾರ ಹೂಡಿಕೊಂಡು ಕೂತಿದೆ, ನಾನೇ ಸರಿಯಾಗಿ ಹೂಡಿಲ್ಲ — ಅದೇ ಗಡಿಯಾರ ಈಗ ಹನ್ನೊಂದು ಹತ್ತು ಅನ್ನುತ್ತಿದೆ, ಫೋನಿನ ಪರದೆಯದು ಮಾತ್ರ ಬೆಳಗಿನಿಂದ ಒಂದೇ ಮಾತು, ಇನ್ಸರ್ಟ್ ಸಿಮ್, ಸಿಮ್ ಹಾಕು, ಹಾಕಿದ್ದೇನೆ ನನ್ನಪ್ಪಾ, ಮೂರು ಸಲ ತೆಗೆದು ಮೂರು ಸಲ ಹಾಕಿದ್ದೇನೆ, ನೀರಿನ ಟಾಕಿಯ ಇಪ್ಪತ್ತೆಂಟನೆಯ ಮೆಟ್ಟಿಲಿನ ಮೇಲೆ ನಿಂತು, ಒಂದು ಕೈಯಲ್ಲಿ ಕಬ್ಬಿಣದ ಕಂಬಿ, ಇನ್ನೊಂದರಲ್ಲಿ ಇಂಗ್ಲೆಂಡಿನ ಫೋನು, ಎತ್ತರಕ್ಕೆ ಹೋದರೆ ಹಿಡಿಯುತ್ತದೆ ಎಂದು ಯಾರೋ ಹೇಳಿದ್ದರು, ಎತ್ತರದಿಂದ ಕಾಣುವುದು ಹಿನ್ನೀರು, ಹಿನ್ನೀರಿನಾಚೆ ಅನಗವಾಡಿಯ ಟವರು, ಇಷ್ಟುದ್ದ, ಊದಿನಕಡ್ಡಿಯ ಹಾಗೆ, ಮತ್ತು ಕೆಳಗೆ ಅವ್ವ, ಶಂಕ್ರೆವ್ವ, ಸೆರಗು ಹಣೆಗೆ ಹಿಡಿದು ಮೇಲೆ ನೋಡುತ್ತ, ಇಳೀಲೇ ಕಾಮಾ, ಮದುವಿ ಆಗಿ ಮೂರ ತಿಂಗಳಿಗೆ ಮಗಾ ಟಾಕಿ ಹತ್ತಿದಾ ಅಂತಾರ ಮಂದಿ, ಇಳಿ. ಮಂದಿ ಆಗಲೇ ಅನ್ನುತ್ತಿದ್ದಾರೆ ಅವ್ವಾ, ಅವರಿಗೆ ಟಾಕಿ ಬೇಕಿಲ್ಲ. ಹನ್ನೊಂದು ಹನ್ನೆರಡು. ಚಿಮ್ಮಡದಲ್ಲಿ ಮಾವನ ಮನೆಯ ಪಡಸಾಲೆಯ ಗೂಡಿನಲ್ಲಿ, ಕ್ರೋಶಾ ಹೆಣಿಕೆಯ ಬಟ್ಟೆ ಹೊದ್ದ ಫೋನಿನ ಪಕ್ಕ ಹೆಂಡತಿ ಯಲ್ಲಕ್ಕ ಈಗ ಕೂತಿರುತ್ತಾಳೆ, ಕಾಲು ಮಡಚಿ, ಮುಂದೆ ಅಕ್ಕಿಯ ಮೊರ ಇಟ್ಟುಕೊಂಡು, ಆರಿಸದೆ, ಹನ್ನೊಂದರಿಂದ ಹನ್ನೆರಡು ಕೂಡತೀನಿ ಅಂದಿದ್ದಾಳೆ, ಹನ್ನೆರಡೂವರೆಗೆ ಮುಧೋಳದ ಬಸ್ಸು.

ಬಸ್ಸು ಹತ್ತುವುದೇನು ಹತ್ತುತ್ತಾಳೆ, ಅದರಲ್ಲಿ ಸಂಶಯವಿಲ್ಲ, ನಾಳೆ ಸೋಮವಾರ ಹನ್ನೆರಡರೊಳಗೆ ಮುಧೋಳದ ಹತ್ತಿರದ ತಿಮ್ಮಾಪುರದ ಸಾಲಿಯಲ್ಲಿ ಹಾಜರಾಗಬೇಕು, ಟೀಚರ್ ಆರ್ಡರ್ ಬಂದಿದೆ, ಅವಳ ಅಣ್ಣ ಮಹಾಲಿಂಗ ಬುಧವಾರ ನಾನು ನೋಡಿಕೊಳ್ಳುವ ಗ್ರಂಥಾಲಯಕ್ಕೆ ಬಂದು, ಪೇಪರು ಓದುವವರ ನಡುವೆ ನಿಂತು, ತಂಗಿಯ ಮಾತನ್ನು ಪಾಠ ಒಪ್ಪಿಸಿದ ಹಾಗೆ ಒಪ್ಪಿಸಿ ಹೋದ, ಆಕಿ ಹೇಳ್ಯಾಳ, ನಾ ಹೋಗೂದ ಹೋಗತೀನಿ, ತಿರುಗಿ ಯಾವ ಮನಿಗಿ ಬರಬೇಕು ಅನ್ನೂದು ಅವರ ಬಾಯಿಂದ ಬರಲಿ, ರವಿವಾರ ಫೋನ್ ಹಚ್ಚಲಿ, ಸ್ವಂತ ಫೋನಿಲೆ ಹಚ್ಚಲಿ, ಒಬ್ಬರೇ ಇದ್ದು ಹಚ್ಚಲಿ, ಹುಲೆಪ್ಪಣ್ಣನ ಕೆಮ್ಮು ಕೇಳಿಸಿತಂದ್ರ ಇಟ್ಟಬಿಡತೀನಿ — ಇಷ್ಟು ಹೇಳಿ, ಏನ್ರೀ ಭಾವ, ನೀರು ಗೀರು ಸಿಗತೈತೇನು ಇಲ್ಲಿ, ಅಂದ, ಕೊಟ್ಟೆ, ಕುಡಿದು ಹೋದ. ಓದುವವರು ಯಾರೂ ಪುಟ ತಿರುಗಿಸಿರಲಿಲ್ಲ. ನೇರ ಹೋಗಿಬಿಡಲಾ, ಚಿಮ್ಮಡವೇನು ಕಾಶಿಯೇ, ಜಮಖಂಡಿ ದಾಟಿದರೆ ಮುಗಿಯಿತು, ಆದರೆ ಆಷಾಢ, ಮದುವೆಯಾದ ಮೊದಲ ಆಷಾಢ, ಅತ್ತೆ ಸೊಸೆಯಾಗಲಿ ಅತ್ತೆ ಅಳಿಯನಾಗಲಿ ಒಂದೇ ಹೊಸ್ತಿಲು ದಾಟಬಾರದು, ಅದಕ್ಕೇ ಅವಳು ಅಲ್ಲಿ, ನಾನು ಇಲ್ಲಿ, ಕೇಳಿದರೆ ಅವ್ವ ಎದೆ ಬಡಿದುಕೊಂಡಳು, ಹೊಸ್ತಿಲ ಹೊರಗೇ ನಿಂತು ಮಾತಾಡಿ ಬರುತ್ತೇನೆ ಅಂದೆ, ಅಂಗಳದಾಗ ನಿಂತ ಅಳಿಯಾ ಸಾಲ ಕೇಳಾಕ ಬಂದಾಂವನಂಗ ಕಾಣತಾನ, ಅಂದಳು, ಅವ್ವನ ಉಪಮೆಗಳಿಗೆ ಎದುರಾಡುವುದು ಕಷ್ಟ. ಕಾಗದ ಬರೆಯಲಾ, ಬರೆದೆ, ನಾಲ್ಕು ಪುಟ, ಓದಿ ನೋಡಿದೆ, ಪುಸ್ತಕ ತಡವಾಗಿ ತಂದವನು ಕೊಟ್ಟ ಕಾರಣಪತ್ರದ ಹಾಗಿತ್ತು, ಹರಿದೆ.

ಎಲ್ಲದಕ್ಕೂ ಮೂಲ ಆ ಬಾಕು. ಹುಲೆಪ್ಪನ ಎಸ್‌ಟಿಡಿ ಫೋನಿನ ಅಂಗಡಿಯ ಮುಂದಿನ ಕಲ್ಲಿನ ಬೆಂಚು, ನಾಲ್ಕು ಜನ ಕೂಡಬಹುದು, ಆರು ಜನ ಕೂಡುತ್ತಾರೆ, ಹಳೆಯ ಊರಿದ್ದಾಗ ಹೀಗಿರಲಿಲ್ಲ, ಅಲ್ಲಿ ಓಣಿಗಳು ಆಡಿನ ಕರುಳಿನ ಹಾಗೆ ಸುತ್ತಿ ಸುತ್ತಿ ಹೋಗುತ್ತಿದ್ದವು, ಗಂಡ ಹೆಂಡತಿ ಜಗಳಾಡಲು ಒಂದು ಮೂಲೆ, ರಾಜಿಯಾಗಲು ಇನ್ನೊಂದು ಮೂಲೆ, ಈಗ ಅದೆಲ್ಲ ಆಲಮಟ್ಟಿಯ ನೀರಿನಡಿ, ಇಲ್ಲಿ ಸರಕಾರ ಪಟ್ಟಿ ಇಟ್ಟು ಗೆರೆ ಎಳೆದು ಊರು ಮಾಡಿಕೊಟ್ಟಿದೆ, ಈ ತುದಿಯಲ್ಲಿ ಯಾರಾದರೂ ಆಕಳಿಸಿದರೆ ಆ ತುದಿಯವರಿಗೆ ಹಲ್ಲು ಕಾಣುತ್ತದೆ, ಮತ್ತು ಎಲ್ಲ ಗೆರೆಗಳೂ ಕೂಡುವ ಜಾಗದಲ್ಲಿ ಹುಲೆಪ್ಪ. ಆವತ್ತು ನಾನು ಅವನ ಗಾಜಿನ ಗೂಡಿನೊಳಗೆ ನಿಂತಿದ್ದೆ, ಗೂಡಿನ ಬಾಗಿಲು ಎರಡು ವರ್ಷದಿಂದ ಮುಚ್ಚುವುದಿಲ್ಲ, ಮುಚ್ಚುವುದು ಹುಲೆಪ್ಪನಿಗೆ ಬೇಕಿಲ್ಲ, ಆಚೆಯಿಂದ ಯಲ್ಲಕ್ಕ, ರೀ, ಆರ್ಡರ್ ಬಂತ್ರೀ, ಅವಳ ದನಿಯಲ್ಲಿ ಅಷ್ಟು ಬೆಳಕು ನಾನು ಮದುವೆಯಲ್ಲೂ ಕೇಳಿರಲಿಲ್ಲ, ನನ್ನ ಬಾಯಿಗೆ ಛಲೋ ಆತು ಎನ್ನುವ ಮಾತು ಬಂದೇಬಿಟ್ಟಿತ್ತು, ಹಲ್ಲಿನವರೆಗೆ ಬಂದಿತ್ತು, ಅಷ್ಟರಲ್ಲಿ ಬಾಕಿನ ಮೇಲಿಂದ ಮುತ್ತಣ್ಣ, ನಿವೃತ್ತ ಬಸ್ ಡ್ರೈವರು, ಈಗಲೂ ಎಲ್ಲರ ಸಂಸಾರ ಓಡಿಸುತ್ತಾನೆ, ಏನಂತಪಾ, ಹೆಂಡತಿ ಸಾಹೇಬ್ರಾದಳೇನ, ಇನ್ನ ಮ್ಯಾಲ ನೀ ರೊಟ್ಟಿ ಬಡಿಯಾಕ ಕಲಿ, ಅಂದ, ಬಾಕು ನಕ್ಕಿತು, ಹುಲೆಪ್ಪ ನಗುತ್ತ ಕೆಮ್ಮಿದ, ಮತ್ತು ನನ್ನ ಬಾಯಿ, ನನ್ನದೇ ಬಾಯಿ, ನೌಕರಿ ಗಿವಕರಿ ಏನ ಬ್ಯಾಡ, ಸುಮ್ಮ ಮನಿಯಾಗಿರು, ಅಂದಿತು. ಜೋರಾಗಿ. ಅವಳಿಗಲ್ಲ, ಬಾಕಿಗೆ. ಅವಳು ಕೇಳಿದಳು, ಯಾರದಾರ್ರೀ ಅಲ್ಲಿ. ಯಾರೂ ಇಲ್ಲ ಅಂದೆ. ಹುಲೆಪ್ಪ ಮತ್ತೆ ಕೆಮ್ಮಿದ. ಅವಳು ಇಟ್ಟಳು.

ಹನ್ನೊಂದು ಇಪ್ಪತ್ತು, ಇನ್ಸರ್ಟ್ ಸಿಮ್. ಮೆಟ್ಟಿಲು ಇಳಿಯುವಾಗ ಕಂಬಿಗೂ ಹಳದಿ ಹತ್ತಿತು. ಜಮಖಂಡಿಯ ವಿಶ್ವಾಸರಾಯರು ಫೋನು ಕೊಡುವಾಗ ಎಲ್ಲ ಬಿಡಿಸಿ ಹೇಳಿದ್ದರು, ನಮ್ಮ ಇಲಾಖೆಯವರೇ, ಕನ್ನಡದಲ್ಲಿ ಆರಂಭಿಸಿ ಮರಾಠಿಯಲ್ಲಿ ಮುಗಿಸುತ್ತಾರೆ, ಅವರ ಮೇಹುಣ, ಹೆಂಡತಿಯ ತಮ್ಮ, ಇಂಗ್ಲೆಂಡಿನಿಂದ ತಂದದ್ದು, ಅಲ್ಲಿಯ ಕಂಪನಿಗೆ ಬಿಟ್ಟು ಬೇರೆ ಯಾರಿಗೂ ಬಾಯಿ ಬಿಡಬಾರದೆಂದು ಕೀಲಿ ಹಾಕಿದ ಫೋನು, ಪತಿವ್ರತಾ ಫೋನ್ ನೋಡ್ರಿ ಇದು, ಕೀಲಿ ತೆಗೆಸೀನಿ, ಆದ್ರ ನಿಮ್ಮ ಕಡೆ ನೆಟ್‌ವರ್ಕಿಗೆ ಕೂಡತದೋ ಇಲ್ಲೋ ಸಿಮ್ ಹಾಕಿಯೇ ನೋಡಬೇಕು, ರಿಪೇರಿಯವ ಏನಂದಾ ಗೊತ್ತದ ಏನು, ಕೀಲಿ ತೆಗೆದ ಮನಿ ಅಂದಕೂಡಲೇ ನಿಮ್ಮ ಮನಿ ಆಗಂಗಿಲ್ರೀ ಅಂದ, ಮೂರು ಸಂಗತಿ ಅವ, ಬರಕೋರಿ ಕಾಮಣ್ಣ, ಬರೆದುಕೊಂಡೆ, ಗ್ರಂಥಾಲಯದ ಚೀಟಿಯ ಹಿಂದೆ, ಒಂದು, ಕೀಲಿ ಇನ್ನೂ ಇದ್ದರೆ ಫೋನು ಬೈತದ, ಈ ಸಿಮ್ ಒಲ್ಲೆ ಅಂತ ಬರದು ತೋರಿಸ್ತದ, ಎರಡು, ಅಲೆ ಕೂಡದಿದ್ದರೆ ಬೈಯೂದಿಲ್ಲ, ಸುಮ್ಮನೆ ಹುಡುಕ್ತಾ ಕೂಡ್ತದ, ಬ್ಯಾಟರಿ ಕೆಳಗ ಚೀಟಿಯಲ್ಲಿ ಒಂಬೈನೂರು, ಹದಿನೆಂಟುನೂರು ಅಂತ ಬರದಿದ್ದರ ಚಿಂತಿ ಇಲ್ಲ, ಮೂರು — ಅಷ್ಟರಲ್ಲಿ ಬೀಳಗಿಯ ಬಸ್ಸು ಹಾರ್ನು ಹೊಡೆಯಿತು, ನಾನು ಓಡಿದೆ, ಮೂರನೆಯದು ಜಮಖಂಡಿಯ ನಿಲ್ದಾಣದಲ್ಲೇ ಉಳಿಯಿತು. ಚೀಟಿಯಲ್ಲಿ ಮೂರು ಎಂದು ಬರೆದು ಮುಂದೆ ಒಂದು ಗೆರೆ ಇದೆ, ಬಸ್ಸಿನ ಕಡೆಗೆ ಓಡುತ್ತಿರುವ ಗೆರೆ. ಈಗ ಇದು ಬೈಯುತ್ತಲೂ ಇಲ್ಲ, ಹುಡುಕುತ್ತಲೂ ಇಲ್ಲ. ಸಿಮ್ಮಿನದು ತಪ್ಪೇ, ಅಲ್ಲ, ಬೀಳಗಿಯ ಅಂಗಡಿಯವನು ಮಾರುವ ಮುಂಚೆ ತನ್ನ ಫೋನಿಗೆ ಹಾಕಿ ನಾಲ್ಕು ಗೆರೆ ತೋರಿಸಿಯೇ ಕೊಟ್ಟ. ಹಾಗಾದರೆ ಇದಕ್ಕೆ ಸಿಮ್ಮು ಕಾಣುತ್ತಲೇ ಇಲ್ಲ, ಎದೆಯೊಳಗೇ ಇದೆ, ಕಾಣುತ್ತಿಲ್ಲ, ಗೊತ್ತು, ಇಂಥವು ಇರುತ್ತವೆ, ಆವತ್ತು ಗಾಜಿನ ಗೂಡಿನಲ್ಲಿ ನಿಂತವನೂ ಹಾಗೇ ಇದ್ದ.

ಟಾಕಿಯ ಬುಡದಲ್ಲಿ ಕೂತು ಬೆನ್ನಿನ ಮುಚ್ಚಳ ತೆಗೆದೆ, ಬ್ಯಾಟರಿ ತೆಗೆದೆ, ಕೆಳಗಿನ ಚೀಟಿ ಕಾಣಲಿಲ್ಲ, ಹಳದಿ, ಬೆರಳಿನಿಂದ ಸರಿಸಿದರೆ ಒಂಬತ್ತು ಕಂಡಿತು, ಸೊನ್ನೆ, ಇನ್ನೊಂದು ಸೊನ್ನೆ, ಇನ್ನಷ್ಟು ಸರಿಸಿದರೆ ಹದಿನೆಂಟುನೂರೂ ಇತ್ತು, ಅಲೆ ಕೂಡುತ್ತದೆ, ಹಾಗಾದರೆ ಏನು, ಏನಾತಲೇ, ಅವ್ವ ಪಕ್ಕದಲ್ಲೇ ಕುಕ್ಕರುಗಾಲಿನಲ್ಲಿ ಕೂತಳು, ಬರಂಗಿಲ್ಲೇನ ಅದು, ಇನ್ನೊಂದ ಚೂರು ಹಾಕ್ಲೇನ, ಅಂದು ಸೊಂಟದ ಚೀಲಕ್ಕೆ ಕೈ ಹಾಕಿದಳು, ಬ್ಯಾಡವ್ವಾ, ಬೆಳಿಗ್ಗೆ ಹಾಕೀದಿ ಸಾಕು. ಬೆಳಿಗ್ಗೆ ಬೀರಪ್ಪನ ಮುಂದೆ ಇಟ್ಟಿದ್ದೆವು, ಹೊಸ ವಸ್ತು ಬೀರಪ್ಪನನ್ನು ಕಾಣದೆ ನಮ್ಮ ಮನೆಯಲ್ಲಿ ಉಸಿರಾಡುವ ಹಾಗಿಲ್ಲ, ಅದಕ್ಕೇ ನಿನ್ನೆ ಸಂಜೆ ತಂದದ್ದನ್ನು ರವಿವಾರದ ತನಕ ಚಾಲೂ ಮಾಡಿ ನೋಡಲೂ ಬಿಡಲಿಲ್ಲ, ಮುಚ್ಚಳದ ಮೇಲೆ ಒಂದು ಚಿಟಿಕೆ ಇಡು ಸಾಕು ಅಂದರೆ ಕೇಳಲಿಲ್ಲ, ಮುಚ್ಚಿದ್ದರ ಮ್ಯಾಲ ಹಾಕಿದ್ರ ಒಳಗಿನದಕ್ಕ ಹ್ಯಾಂಗ ತಿಳೀಬೇಕೋ, ತೆಗಿ, ನಿಮ್ಮಪ್ಪ ನೀರಿನ ಮೋಟರ್ ತಂದಾಗ ಬಿಚ್ಚಿ ಹಾಕಿಲ್ಲೇನ, ಟೀವಿ ತಂದಾಗ ಹಿಂದಿನ ತೂತಿನಾಗ ಹಾಕಿಲ್ಲೇನ, ತೆಗಿ, ತೆಗೆದೆ, ಚಿಟಿಕೆಯಲ್ಲ, ಹಿಡಿ, ಸೊಸಿ ಮನಿಗಿ ಬರ್ಲೆಪಾ ನನ್ನಪ್ಪಾ ಬೀರಪ್ಪಾ, ಅಂದು ಕಣ್ಣು ಮುಚ್ಚಿ ಸುರಿದಳು, ಅವಳ ಮುಚ್ಚಿದ ಕಣ್ಣ ಅಂಚು ಒದ್ದೆಯಾಗಿತ್ತು, ಹಾಗಾಗಿ ಸುರಿಯಲು ಬಿಟ್ಟೆ, ಸೊಸೆಯ ಕೈಯ ರೊಟ್ಟಿ ದಪ್ಪ ಎಂದು ಮೂರು ತಿಂಗಳು ಊರಿಗೆಲ್ಲ ಹೇಳಿದವಳೂ ಇವಳೇ. ಮೋಟರು ಬಿಚ್ಚಿ ಹಾಕಿದ್ದು ಹೌದು, ಟೀವಿಗೆ ಹಾಕಿದ್ದೂ ಹೌದು, ಟೀವಿ ಆರು ದಿನಕ್ಕೆ ನಿಂತದ್ದೂ — ಅಮಸಿದ್ದಪ್ಪ. ಟೀವಿ ರಿಪೇರಿಯ ಅಮಸಿದ್ದಪ್ಪ, ನಮ್ಮವನೇ, ಹಿಂದಿನ ತಗಡು ತೆಗೆದು ಒಳಗೆ ನೋಡಿ ಕೈ ಮುಗಿದಿದ್ದ, ಶಂಕ್ರೆವ್ವತ್ತಿ, ನಮ್ಮ ಮಂದಿ ಮನಿ ಟೀವಿ ಬಿಚ್ಚಿದ್ರ ಒಗ್ಗರಣಿ ಹಾಕಬಹುದು ನೋಡ, ದೇವರು ಒಳಗ ಹೊಕ್ಕಾನ, ಕರೆಂಟಿಗೆ ಜಾಗಾ ಇಲ್ಲ.

ದೇವರು ಒಳಗೆ ಹೊಕ್ಕಿದ್ದಾನೆ. ಮೂರನೆಯ ಸಂಗತಿ ಇದೇ, ಇಂಗ್ಲೆಂಡಿನವರು, ಜಮಖಂಡಿಯವರು, ವಿಶ್ವಾಸರಾಯರ ಮೇಹುಣ, ಯಾರಿಗೂ ಹೊಳೆಯದ್ದು, ಸಿಮ್ಮು ಕೂಡುವ ಗೂಡನ್ನು ಬಿಸಿಲಿಗೆ ಹಿಡಿದೆ, ಬಂಗಾರದ ಬಣ್ಣದ ಆರು ಪುಟ್ಟ ಹಲ್ಲುಗಳು, ಹಲ್ಲುಗಳ ಮೇಲೆ ಭಂಡಾರ, ತುಪ್ಪ ಬೇರೆ ಮುಟ್ಟಿದ ಅವ್ವನ ಕೈ, ಮೆತ್ತಿಕೊಂಡು ಕೂತಿದೆ, ಹನ್ನೊಂದು ಮೂವತ್ತೈದು, ಊದಿದೆ, ಹೋಗಲಿಲ್ಲ, ಅಂಗಿಯ ಜೇಬಿನಲ್ಲಿ ಪೆನ್ಸಿಲ್ಲು, ತುದಿಗೆ ರಬ್ಬರು, ಓದುಗರು ಪುಸ್ತಕದ ಅಂಚಿನಲ್ಲಿ ಬರೆಯುವ ಪ್ರೇಮನಿವೇದನೆಗಳನ್ನು ಎಂಟು ವರ್ಷದಿಂದ ಅಳಿಸುತ್ತ ಬಂದ ರಬ್ಬರು, ಅದರಿಂದ ಒಂದೊಂದೇ ಹಲ್ಲು ಉಜ್ಜಿದೆ, ಏನ ತೆಗ್ಯಾಕತ್ತೀಲೇ, ಅವ್ವ, ಭಂಡಾರ ತೆಗೀತಾರೇನಲೇ, ತೆಗಿಯಾಕತ್ತಿಲ್ಲವ್ವಾ, ಹಣಿಗಿ ಹಚ್ಚಿಕೊಳ್ಳಾಕತ್ತೇನಿ, ಅಂದೆ, ಹಚ್ಚಿಕೊಂಡೆ, ಅವಳ ಹಣೆಗೂ ಹಚ್ಚಿದೆ, ಒಪ್ಪಿದಳು, ದೇವರು ಫೋನಿನಿಂದ ಹೊರಗೆ ಬಂದು ಇಬ್ಬರ ಹಣೆಯ ಮೇಲೆ ಕೂತ, ಅವನಿಗೂ ಅಲ್ಲಿ ಸೆಕೆಯಾಗಿರಬೇಕು. ಸಿಮ್ಮು, ಬ್ಯಾಟರಿ, ಮುಚ್ಚಳ. ಗುಂಡಿ ಒತ್ತಿದೆ. ಪರದೆ ಬೆಳಗಿತು, ಯೋಚಿಸಿತು, ಇಂಗ್ಲೆಂಡಿನ ಫೋನು ನಮ್ಮ ಕಡೆಯ ಕಂಪನಿಯ ಹೆಸರನ್ನು ಒಂದೊಂದೇ ಅಕ್ಷರ ಕಲಿಯುವ ಒಂದನೆಯ ಇಯತ್ತೆಯ ಕೂಸಿನ ಹಾಗೆ ಬರೆಯಿತು, ಬಂತವ್ವಾ, ಬಂತು, ಎಂದು ನಾನು ಕೂಗಿದೆ, ಹೆಸರು ಬಂತು, ಗೆರೆ ಬರಲಿಲ್ಲ, ಗೆರೆಯಿಲ್ಲದೆ ಮಾತಿಲ್ಲ. ಎದ್ದೆ. ಮತ್ತೆ ಟಾಕಿ ಹತ್ತಿದೆ, ಇಲ್ಲ, ಇಳಿದೆ, ಬೀರಪ್ಪನ ಗುಡಿಯ ಹಿಂದೆ ಹೋದೆ, ಯಾರೂ ಇಲ್ಲದ ಜಾಗ, ಬೇವಿನ ನೆರಳು, ಹೆಂಡತಿಯ ಜೊತೆ ಮಾತಾಡಲು ಇದಕ್ಕಿಂತ ಒಳ್ಳೆಯ ಜಾಗ ಸರಕಾರದ ನಕ್ಷೆಯಲ್ಲೇ ಇಲ್ಲ, ಗೆರೆಯೂ ಇಲ್ಲ, ಸಾಲಿಯ ಕಂಪೌಂಡಿನ ಹತ್ತಿರ ಒಂದು ಗೆರೆ, ಹೋಯಿತು, ಫೋನನ್ನು ಎರಡೂ ಕೈಯಲ್ಲಿ ಎದೆಯ ಮುಂದೆ ಹಿಡಿದು ದೇವರ ತಟ್ಟೆಯ ಹಾಗೆ ನಡೆದೆ, ಮೂರನೆಯ ಅಡ್ಡರಸ್ತೆಯಲ್ಲಿ ಒಂದು, ಎರಡನೆಯದರಲ್ಲಿ ಎರಡು, ಮುಖ ತಗ್ಗಿಸಿ ಗೆರೆಗಳನ್ನೇ ನೋಡುತ್ತ, ಮೂರು, ಇನ್ನು ನಾಲ್ಕು ಹೆಜ್ಜೆ, ಮೂರೇ, ಇನ್ನೆರಡು, ನಾಲ್ಕು, ನಾಲ್ಕಕ್ಕೆ ನಾಲ್ಕು, ತುಂಬಿ ತುಳುಕುವ ನಾಲ್ಕು ಗೆರೆ, ತಲೆ ಎತ್ತುವ ಮುಂಚೆಯೇ ಕೆಮ್ಮು ಕೇಳಿಸಿತು.

ಹುಲೆಪ್ಪ. ಬಾಕು. ಬಾಕಿನ ಮೇಲೆ ಮುತ್ತಣ್ಣ, ಅವನ ಪಕ್ಕ ಇನ್ನೂ ಮೂವರು, ಹಿಂದೆ ಮುಚ್ಚದ ಬಾಗಿಲಿನ ಗಾಜಿನ ಗೂಡು, ಒಂದು ಹೆಜ್ಜೆ ಹಿಂದೆ ಇಟ್ಟೆ, ಎರಡು ಗೆರೆ, ಎರಡು ಹೆಜ್ಜೆ, ಇಲ್ಲ, ಮುಂದೆ ಬಂದೆ, ನಾಲ್ಕು, ಅಂಗಡಿಯ ಹಿಂದೆ ಸುತ್ತಿ ಹೋದೆ, ಇಲ್ಲ, ನೆಟ್‌ವರ್ಕಿಗೂ ಸುದ್ದಿ ಇರುವ ಕಡೆಯೇ ಕೂಡಬೇಕು ಅನಿಸಿದೆಯೋ ಏನೋ, ಅನಗವಾಡಿಯಿಂದ ಹಿನ್ನೀರು ದಾಟಿ, ನೇರ ರಸ್ತೆ ಹಿಡಿದು, ಬಾಕಿಗೆ ಬಂದು ಬಿದ್ದಿದೆ, ಏನಪಾ ಕಾಮಣ್ಣಾ, ಹಣಿ ತುಂಬ ಭಂಡಾರ, ಕೈಯಾಗ ಫೋನು, ದೇವರಿಗೇ ಹಚ್ಚಾಕತ್ತೀಯೇನ, ಮುತ್ತಣ್ಣ, ಬಾಕು ನಕ್ಕಿತು. ಹನ್ನೊಂದು ಐವತ್ತು. ಸ್ವಲ್ಪ ಆ ಕಡೆ ಹೋಗ್ತೀರೇನ್ರೀ, ಐದು ನಿಮಿಷ, ಖಾಸಗಿ ಮಾತೈತಿ, ಅಂದೆ. ಬಾಕು ಒಬ್ಬರ ಮುಖ ಒಬ್ಬರು ನೋಡಿತು. ನಾವೇನ ಕೇಳಂಗಿಲ್ಲ ಬಿಡಪಾ, ಹುಲೆಪ್ಪ ಬಹಳ ಗಂಭೀರವಾಗಿ, ಕಿವಿ ಮುಚ್ಚಿಕೊಂಡ ಕೂಡತೀವಿ, ನೀ ಜೋರಾಗಿ ಮಾತಾಡು, ಎಂದು ಎಲ್ಲರೂ ಸರಿದು ನನಗೆ ಬಾಕಿನ ಮೇಲೆ ಜಾಗ ಮಾಡಿದರು. ಕೂಡಲಿಲ್ಲ, ನಿಂತೆ. ಮಾಡದೇ ಇರಲಾ, ಮಾಡದೇ ಇದ್ದರೆ ಹನ್ನೆರಡಕ್ಕೆ ಅವಳು ಮೊರ ಎತ್ತಿಟ್ಟು ಏಳುತ್ತಾಳೆ, ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂಡುತ್ತಾಳೆ, ದಸರೆಯ ರಜೆಗೆ ಚಿಮ್ಮಡಕ್ಕೆ ಹೋಗುತ್ತಾಳೆ, ದೀಪಾವಳಿಗೆ ಚಿಮ್ಮಡ, ಯುಗಾದಿಗೆ ಚಿಮ್ಮಡ, ಮಾಡಿದರೆ ಕೆಮ್ಮು ಕೇಳಿ ಇಡುತ್ತಾಳೆ, ಸಣ್ಣ ದನಿಯಲ್ಲಿ ಮಾತಾಡಿದರೆ, ಸಣ್ಣ ದನಿಯಲ್ಲಿ ಹೇಳಿದರೆ ಬಾಕಿಗೆ ಕೇಳಿಸುವುದಿಲ್ಲ, ಆದರೆ ಆವತ್ತು ಹೇಳಿದ್ದು ಸಣ್ಣ ದನಿಯಲ್ಲಿ ಅಲ್ಲವಲ್ಲ ಕಾಮಣ್ಣಾ, ಬಾಕಿಗೆ ಕೇಳಲೆಂದೇ ಹೇಳಿದ್ದು, ಎಲ್ಲಿ ಕೆಡಿಸಿದೆಯೋ ಅಲ್ಲೇ ಎಂದು ಈ ಗೆರೆಗಳೂ ಅನ್ನುತ್ತಿವೆ, ಬೆರಳು ಒತ್ತಿತು, ಚಿಮ್ಮಡದ ನಂಬರಿನಲ್ಲಿ ಮೂರು ಐದು, ಮೂರು ಸಲವೂ ಹಳದಿ.

ಒಂದೇ ಗಂಟೆ, ಎರಡನೆಯದು ಆಗಲಿಲ್ಲ, ಎತ್ತಿದಳು, ಉಸಿರು, ಹಿಂದೆಲ್ಲೋ ಕೋಳಿ, ನಾ, ಅಂದೆ, ಹೂಂ, ಅಂದಳು, ಸ್ವಂತ ಫೋನಿಲೆ ಮಾಡಾಕತ್ತೇನಿ, ಹೂಂ, ಒಬ್ಬನೇ ಇಲ್ಲ, ಖರೆ ಹೇಳತೇನಿ, ಹುಲೆಪ್ಪಣ್ಣನ ಬಾಕಿನ ಮುಂದ ಅದೇನಿ, ಇಡಬ್ಯಾಡ, ಸಿಗ್ನಲ್ ಇಲ್ಲೇ ಬರತೈತಿ, ಬ್ಯಾರೆ ಎಲ್ಲೂ ಬರಂಗಿಲ್ಲ, ಟಾಕಿ ಹತ್ತಿ ನೋಡೀನಿ, ಇಲ್ಲಿ ಮುತ್ತಣ್ಣ ಅದಾನ, ಎಲ್ಲಾರೂ ಕಿವಿ ಮುಚ್ಚಿಕೊಂಡ ಕೇಳಾಕತ್ತಾರ, ಕೇಳಲಿ, ಯಲ್ಲೂ, ನಾಳೆ ತಿಮ್ಮಾಪುರಕ್ಕ ಹೋಗು, ನೌಕರಿಗಿ ಹಾಜರಾಗು, ಸಂಜಿ ಬಸ್ಸಿಗಿ ನಮ್ಮ ಮನಿ — ಆಷಾಢ, ಆಷಾಢ ಇದೆ, ಮರೆತಿದ್ದೆ, ನನ್ನ ಅವ್ವನೂ ಅವಳೂ ಒಂದು ಹೊಸ್ತಿಲು ದಾಟಬಾರದು — ಆಸಾಡ ಮುಗಿದ ದಿನ ನಾನ ಬಂದು ಕರಕೊಂಡ ಬರತೇನಿ, ಆಮ್ಯಾಲ ದಿನಾ ನಮ್ಮ ಮನಿಯಿಂದಾನ ಹೋಗು, ದೂರ ಆದ್ರ ಮುಧೋಳದಾಗ ಮನಿ ಮಾಡೋಣು, ರೊಟ್ಟಿ ನಾ ಬಡೀತೇನಿ, ಮುತ್ತಣ್ಣ ಕಲಸತಾನಂತ, ಆವತ್ತ ನಾ ಅಂದದ್ದು ನಿನಗಲ್ಲ, ಇವರಿಗಿ, ನನಗ ನಾಚಿಕಿ ಆಗೇತಿ. ಇಷ್ಟು ಮಾತು ನಾನು ಜೀವಮಾನದಲ್ಲಿ ಒಂದೇ ಉಸಿರಿಗೆ ಆಡಿರಲಿಲ್ಲ, ನನ್ನ ಕೆಲಸದ ಜಾಗದಲ್ಲಿ ಮೌನವಾಗಿರಿ ಎಂಬ ಫಲಕ ಇದೆ. ಬಾಕು ಉಸಿರು ಹಿಡಿದಿತ್ತು. ಮತ್ತು ಆಗ ಹುಲೆಪ್ಪ, ಅವನ ತಪ್ಪಲ್ಲ, ತಡೆದು ತಡೆದು ಕಣ್ಣು ಕೆಂಪಾಗಿತ್ತು, ಎರಡೂ ಕೈಯಿಂದ ಬಾಯಿ ಮುಚ್ಚಿದ್ದ, ಬೆರಳುಗಳ ಸಂದಿಯಿಂದ ಕೆಮ್ಮಿದ, ಒಮ್ಮೆ, ಇನ್ನೊಮ್ಮೆ, ಹಿನ್ನೀರಿನಾಚೆಗೂ ಕೇಳುವ ಹಾಗೆ. ಆಚೆ ಉಸಿರೂ ಇಲ್ಲ, ಕೋಳಿಯೂ ಇಲ್ಲ. ಇಟ್ಟಳೇ, ಇಟ್ಟಳೋ ಏನೋ, ಫೋನನ್ನು ಕಿವಿಯಿಂದ ತೆಗೆದು ನೋಡಿದೆ, ಪರದೆಯಲ್ಲಿ ಸೆಕೆಂಡುಗಳು ಇನ್ನೂ ಓಡುತ್ತಿವೆ, ಐವತ್ತೆರಡು, ಐವತ್ಮೂರು, ಇಟ್ಟಿಲ್ಲ, ಸಣ್ಣಗೆ, ಕೈಯೊಳಗಿಂದ, ಅವಳ ದನಿ, ಏನಂದ್ರಿ, ಕೇಳಸಲಿಲ್ರೀ, ಇನ್ನೊಮ್ಮೆ ಹೇಳ್ರಿ, ಎಲ್ಲಾ ಮೊದಲಿಂದ, ಜೋರಾಗಿ, ಬಾಕು ಕಿವಿಗಳಿಂದ ಕೈ ತೆಗೆಯಿತು, ನಾನು ಬಾಯಿ ತೆರೆದೆ, ಮೊದಲ ಮಾತು ಯಾವುದಾಗಿತ್ತು, ಕೇಳಸಲಿಲ್ಲ ಎನ್ನುವವಳ ದನಿಯಲ್ಲಿ ನಗೆ ಇತ್ತೇ, ಐವತ್ತೆಂಟು, ಐವತ್ತೊಂಬತ್ತು, ಮೊದಲ ಮಾತು, ಬೆರಳಡಿಯಲ್ಲಿ ಐದರ ಗುಂಡಿ, ಗುಂಡಿಯ ಸುತ್ತ ಹಳದಿ, ಅಷ್ಟೇ ಹಳದಿ